ಹಾಲಮ್ಮನ ಹದ

2041ರ ಏಪ್ರಿಲ್ 9, ಮಂಗಳವಾರ, ಬೆಳಿಗ್ಗೆ 7 ಗಂಟೆ 10 ನಿಮಿಷ. ದಾವಣಗೆರೆಯ ಆಸ್ಪತ್ರೆಯೊಂದರ ಮೂರನೆಯ ಮಹಡಿಯಲ್ಲಿದ್ದ ನಿಯಂತ್ರಣ ಕೊಠಡಿಗೆ ಹದಿನಾಲ್ಕನೆಯ ರೋಗಿಯ ಉತ್ತರ ಬಂತು. ಫೋನಿನಲ್ಲಿ ಯಂತ್ರದ ದನಿ ಕೇಳಿದ ಪ್ರಶ್ನೆ ಎಂದಿನದೇ: ನಿನ್ನೆಯ ಊಟದಲ್ಲಿ ಉಪ್ಪು ಹೇಗಿತ್ತು, ಸಪ್ಪೆಯೋ, ಹದವೋ, ಜಾಸ್ತಿಯೋ? ಹೆಂಗಸಿನ ದನಿ ಒಂದೇ ಪದ ಹೇಳಿತ್ತು.

"ಹದ."

ಎಂಜಿನಿಯರ್ ಸಿಂಚನಾ ಪರದೆಯ ಮೇಲೆ ಆ ಪದ ನೋಡಿ, ಹಿಂದಿನ ದಿನದ ಸಂಖ್ಯೆಯನ್ನೇ ಉಳಿಸಿ, ಮುಂದಿನ ರೋಗಿಗೆ ಹೋದಳು. ಇಪ್ಪತ್ತೊಂದು ದಿನಗಳಿಂದ ಹಾಲಮ್ಮ ಹೇಳುತ್ತಿದ್ದುದು ಅದೊಂದೇ. ಹತ್ತೊಂಬತ್ತು ರೋಗಿಗಳಲ್ಲಿ ಇಷ್ಟು ಸ್ಥಿರವಾದ ಉತ್ತರ ಕೊಡುವವರು ಇನ್ನೊಬ್ಬರಿರಲಿಲ್ಲ.

ಹಾಲಮ್ಮನ ಎರಡೂ ಮೂತ್ರಪಿಂಡಗಳು ಆರು ವರ್ಷದ ಹಿಂದೆ ಕೆಲಸ ನಿಲ್ಲಿಸಿದ್ದವು. ಅಂದಿನಿಂದ ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ಡಯಾಲಿಸಿಸ್ ಕುರ್ಚಿಯಲ್ಲಿ ಕೂತಿದ್ದರು. ಈ ವರ್ಷ ಫೆಬ್ರವರಿ 5ರಂದು ಅವರ ಹೊಟ್ಟೆಯ ಬಲಭಾಗದಲ್ಲಿ ಅಂಗೈ ಅಗಲದ ಕೃತಕ ಮೂತ್ರಪಿಂಡವನ್ನು ಕೂರಿಸಲಾಯಿತು. ರೋಗಿಗಳು ಅದನ್ನು ಡಬ್ಬಿ ಎನ್ನುತ್ತಿದ್ದರು.

ಡಬ್ಬಿಯ ಕೆಲಸವನ್ನು ಶಸ್ತ್ರಚಿಕಿತ್ಸೆಗೆ ಮುಂಚೆ ವಿವರಿಸಿದವಳು ಸಿಂಚನಾಳೇ. "ಇದು ರಕ್ತ ಸೋಸುತ್ತೆ" ಎಂದಾಗ ಹಾಲಮ್ಮ ತಡೆದು ಕೇಳಿದ್ದರು.

"ಯಾವ ಸೋಸಾದು? ಚಾ ಸೋಸಿದಂಗಾ, ಸೊಪ್ಪು ಸೋಸಿದಂಗಾ?"

ಹನ್ನೊಂದು ವರ್ಷ ಈ ವಿಷಯ ಓದಿದ್ದ ಸಿಂಚನಾಳಿಗೆ ಇಷ್ಟು ಚೊಕ್ಕವಾದ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಚಹಾ ಸೋಸುವಾಗ ದಪ್ಪನೆಯದು ಜರಡಿಯ ಮೇಲೆ ಉಳಿದು ಮಿಕ್ಕದ್ದೆಲ್ಲ ಇಳಿಯುತ್ತದೆ. ಸೊಪ್ಪು ಸೋಸುವಾಗ ಕಟ್ಟನ್ನು ಬಿಚ್ಚಿ ಪೂರ್ತಿ ಹರವಿ, ಬೇಕಾದ ಎಲೆಗಳನ್ನು ಒಂದೊಂದಾಗಿ ಪುಟ್ಟಿಗೆ ಹಾಕಿಕೊಳ್ಳುತ್ತೇವೆ. ನೆಲದ ಮೇಲೆ ಉಳಿದದ್ದು ಕಸ.

"ಎರಡೂ ಹೌದು" ಎಂದಳು. "ಮೊದಲು ಚಾ ಸೋಸಿದ ಹಾಗೆ. ರಕ್ತದ ಕಣ, ದೊಡ್ಡ ಪ್ರೋಟೀನು ಒಳಗೇ ಉಳೀತವೆ. ನೀರು, ಉಪ್ಪು, ಸಕ್ಕರೆ, ಕಸ ಎಲ್ಲಾ ಇಳಿದುಬಿಡುತ್ತೆ. ಚೆನ್ನಾಗಿರೋ ಮನುಷ್ಯರಲ್ಲಿ ಹಿಂಗೆ ದಿನಕ್ಕೆ ನೂರೆಂಬತ್ತು ಲೀಟರ್ ಇಳಿಯುತ್ತೆ."

"ನೂರೆಂಬತ್ತಾ! ಮನುಷ್ಯನೋ ಬೋರ್‌ವೆಲ್ಲೋ?"

"ಆಮೇಲೆ ಸೊಪ್ಪು ಸೋಸಿದ ಹಾಗೆ. ಇಳಿದದ್ದು ಒಂದು ಉದ್ದದ ಸಣ್ಣ ಕೊಳವೇಲಿ ಹೋಗುತ್ತೆ. ಕೊಳವೆ ಗೋಡೇಲಿರೋ ಜೀವಕೋಶಗಳು ಬೇಕಾದ್ದನ್ನ ಆರಿಸ್ಕೊಂಡು ರಕ್ತಕ್ಕೆ ವಾಪಸ್ ಕಳಿಸ್ತವೆ. ಸಕ್ಕರೆ ಪೂರ್ತಿ ವಾಪಸ್. ಉಪ್ಪು ನೂರಕ್ಕೆ ತೊಂಬತ್ತೊಂಬತ್ತು ಪಾಲು ವಾಪಸ್. ನೀರು ನೂರೆಪ್ಪತ್ತೆಂಟೂವರೆ ಲೀಟರ್ ವಾಪಸ್. ಉಳಿದ ಒಂದೂವರೆ ಲೀಟರ್ ಮೂತ್ರ."

"ಎಲ್ಲಾ ಹೊರಗೆ ಚೆಲ್ಲಿ ಮತ್ತೆ ಆರಿಸ್ಕಳಾದಾ? ದಡ್ಡ ಕೆಲಸ ಅಲ್ಲೇನವ್ವಾ ಅದು? ಕಸ ಒಂದನ್ನೇ ತೆಗೆದು ಹಾಕಿದ್ರೆ ಆಗಲ್ವಾ?"

"ಕಸ ತೆಗೆದುಹಾಕಬೇಕು ಅಂದ್ರೆ ಪ್ರತಿಯೊಂದು ಕಸದ ಗುರುತೂ ಗೊತ್ತಿರಬೇಕು. ಮೂತ್ರಪಿಂಡಕ್ಕೆ ಕೆಟ್ಟದ್ದು ಯಾವುದು ಅಂತ ಅಷ್ಟಾಗಿ ಗೊತ್ತಿಲ್ಲ. ಬೇಕಾದ್ದು ಯಾವುದು ಅಂತ ಚೆನ್ನಾಗಿ ಗೊತ್ತು. ನಾಳೆ ಯಾವ ಹೊಸ ವಿಷ ಬಂದ್ರೂ ಅದರ ಹೆಸರು ಕೇಳಲ್ಲ. ಗುರುತಿಲ್ಲದ್ದನ್ನ ಅಲ್ಲೇ ಬಿಟ್ಟುಬಿಡುತ್ತೆ."

"ನಮ್ಮತ್ತೆ ಇದ್ದಂಗೈತೆ ಬಿಡು" ಎಂದಿದ್ದರು ಹಾಲಮ್ಮ. "ಇದು ಕೆಟ್ಟದ್ದು ಅಂತ ಬಾಯಿ ಬಿಟ್ಟು ಒಂದಿನಾನೂ ಹೇಳಲಿಲ್ಲ. ತನಗೆ ಬೇಕಾದ್ದು ತಗಂಡು ಎದ್ದೋಗಾಳು."

ಡಬ್ಬಿಯೂ ಹೀಗೇ ದಿನಕ್ಕೆ ಅರವತ್ತು ಲೀಟರ್ ಇಳಿಸಿ, ಗುರುತಿರುವುದನ್ನು ಮರಳಿ ಹೀರಿಕೊಳ್ಳುತ್ತಿತ್ತು. ಅದಕ್ಕೆ ಬಾರದಿದ್ದುದು ಒಂದೇ ಕೆಲಸ. ನಿಜವಾದ ಮೂತ್ರಪಿಂಡದ ಕೊಳವೆಯ ಕೊನೆಯ ತುಂಡು ದೇಹದ ಮಾತು ಕೇಳುತ್ತದೆ. ಉಪ್ಪು ಸಾಲದೆ ಹೋದರೆ ಹಾರ್ಮೋನಿನ ಮೂಲಕ ಸುದ್ದಿ ಬರುತ್ತದೆ, ಕೊನೆಯ ಬಾಗಿಲಿನಲ್ಲಿ ಒಂದು ಕಾಳನ್ನೂ ಬಿಡದೆ ಉಪ್ಪು ವಾಪಸಾಗುತ್ತದೆ. ಜಾಸ್ತಿಯಾದರೆ ಬಾಗಿಲು ಸಡಿಲವಾಗುತ್ತದೆ. ಡಬ್ಬಿಗೆ ಹಾರ್ಮೋನಿನ ಭಾಷೆ ಬರುತ್ತಿರಲಿಲ್ಲ. ರಕ್ತದಲ್ಲಿ ಸಂವೇದಕ ಇಟ್ಟು ನೋಡಿದ್ದರು; ಮೂರೇ ವಾರಗಳಲ್ಲಿ ಅದರ ಮೇಲೆ ಪ್ರೋಟೀನು ಮೆತ್ತಿಕೊಂಡು ಅದು ಕುರುಡಾಗುತ್ತಿತ್ತು. ಹಾಗಾಗಿ ಕೊನೆಯ ಬಾಗಿಲಿನ ಆಜ್ಞೆ ದಿನಾ ಬೆಳಿಗ್ಗೆ ನಿಯಂತ್ರಣ ಕೊಠಡಿಯಿಂದಲೇ ಹೋಗಬೇಕಿತ್ತು. ಅದಕ್ಕೆ ರೋಗಿ ಎಷ್ಟು ಉಪ್ಪು ತಿಂದರೆಂದು ತಿಳಿಯಬೇಕಿತ್ತು. ಗ್ರಾಂ ಲೆಕ್ಕ ಕೇಳಿದರೆ ಜನ ಬಾಯಿಗೆ ಬಂದ ಸಂಖ್ಯೆ ಹೇಳುತ್ತಿದ್ದರು. ಅಡುಗೆಮನೆಯಲ್ಲಿ ದಿನಾ ಬಳಸುವ ಮೂರು ಪದಗಳನ್ನೇ ಕೇಳೋಣ ಎಂಬುದು ಸಿಂಚನಾಳ ಸಲಹೆ. ಸಪ್ಪೆ ಎಂದರೆ ದಿನಕ್ಕೆ ಮೂರು ಗ್ರಾಂ, ಹದ ಎಂದರೆ ಐದು, ಜಾಸ್ತಿ ಎಂದರೆ ಎಂಟು.

ಡಬ್ಬಿಯ ಯೋಜನೆಗೆ ಸೇರುವಾಗ ರೋಗಿಗಳು ಸಹಿ ಹಾಕುವ ಒಪ್ಪಂದದ ಕೊನೆಯ ಪುಟದಲ್ಲಿ ಒಂದು ನಿಯಮವಿತ್ತು. ರೋಗಿಯ ಮಾತನ್ನು ನಂಬಿ ನಡೆಯಲಾಗದು ಎಂದು ಕಂಡುಬಂದರೆ ಡಬ್ಬಿಯನ್ನು ತೆಗೆಯಲಾಗುವುದು. ಅವರು ಡಯಾಲಿಸಿಸ್‌ಗೆ ಮರಳಬೇಕು. ಅದನ್ನು ಓದಿ ಹೇಳಿದಾಗ ಹಾಲಮ್ಮ ನಕ್ಕಿದ್ದರು. "ಉಪ್ಪಿನ ವಿಷ್ಯದಾಗೆ ನನ್ನ ಮಾತು ನಂಬದೆ ಇನ್ಯಾರ ಮಾತು ನಂಬ್ತೀರಿ?"

ಆ ಮಾತಿನಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಕಾಯಿಲೆ ಬೀಳುವ ತನಕ ಇಪ್ಪತ್ತೆಂಟು ವರ್ಷ ಹಾಲಮ್ಮ ಬುಡೇನ್‌ಸಾಬರ ಮಂಡಕ್ಕಿ ಭಟ್ಟಿಯಲ್ಲಿ ಉಪ್ಪು ನೋಡುವವರಾಗಿದ್ದರು.

*

ಅದೇ ಬೆಳಿಗ್ಗೆ ಎಂಟು ಗಂಟೆಗೆ ಹಾಲಮ್ಮ ತಟ್ಟೆಯ ಮುಂದೆ ಕೂತಿದ್ದರು. ಗಂಡ ಕರಿಬಸಪ್ಪ ತನ್ನ ಉಪ್ಪಿಟ್ಟಿನ ಪಕ್ಕಕ್ಕೆ ಮಾವಿನಕಾಯಿ ಉಪ್ಪಿನಕಾಯಿಯನ್ನು ದೊಡ್ಡದಾಗಿಯೇ ಬಡಿಸಿಕೊಂಡ.

"ಉಪ್ಪಿಟ್ಟಿಗೆ ಉಪ್ಪಿನಕಾಯಿ ನೆಂಚಿಕ್ಯಂಬೋರನ್ನ ನಾನೆಲ್ಲೂ ಕಾಣ್ಲಿಲ್ಲ" ಎಂದರು ಹಾಲಮ್ಮ.

"ಉಪ್ಪಿಲ್ಲದ ಉಪ್ಪಿಟ್ಟನ್ನ ನಾನೂ ಎಲ್ಲೂ ಕಾಣ್ಲಿಲ್ಲ."

"ಹದವಾಗೈತೆ. ನಿನ್ನ ನಾಲಿಗೆ ಉಪ್ಪಿನಕಾಯಿ ತಿಂದು ತಿಂದು ಸುಟ್ಟೋಗೈತೆ."

ಕರಿಬಸಪ್ಪ ಉಪ್ಪಿನಕಾಯಿ ನೆಂಚಿಕೊಂಡ. ಆರು ವರ್ಷ ಹೆಂಡತಿಯ ಪಥ್ಯದ ಅಡುಗೆಯನ್ನೇ ತಾನೂ ಉಂಡಿದ್ದ. ಈಗ ಅವಳು ಎದ್ದು ಓಡಾಡುವುದೇ ದೊಡ್ಡದು. ಆದರೆ ಮೂರು ದಿನಗಳಿಂದ ಅವಳು ತುತ್ತು ಕೈಯಲ್ಲಿ ಹಿಡಿದು ಗೋಡೆ ನೋಡುತ್ತಾ ಕೂತುಬಿಡುವುದನ್ನು ಅವನು ಗಮನಿಸಿದ್ದ. ತಲೆ ಭಾರ ಎನ್ನುತ್ತಿದ್ದಳು. ಬಿಸಿಲು ಎಂದುಕೊಂಡಿದ್ದರು ಇಬ್ಬರೂ.

ಒಂಬತ್ತಕ್ಕೆ ಹಾಲಮ್ಮ ಭಟ್ಟಿಗೆ ಹೋದರು. ಬೆಂಕಿಯ ಹತ್ತಿರ ಅವರಿಗೇನೂ ಕೆಲಸವಿರಲಿಲ್ಲ. ಮಂಡಕ್ಕಿಗೆ ಅಕ್ಕಿಯನ್ನು ಮೊದಲು ಉಪ್ಪುನೀರಿನಲ್ಲಿ ಕಲಸಿ, ಆರಹಾಕಿ, ಆಮೇಲೆ ಕಾದ ಮರಳಿನಲ್ಲಿ ಹುರಿಯುತ್ತಾರೆ. ಕಲಸಿದ ಪ್ರತಿಯೊಂದು ರಾಶಿಯಿಂದ ನಾಲ್ಕು ಕಾಳು ಬಾಯಿಗೆ ಹಾಕಿ, ಅಗಿದು ಉಗಿದು, "ಹದ" ಎಂದೋ "ಇನ್ನೊಂದು ಬೊಗಸೆ" ಎಂದೋ ಹೇಳುವುದು ಅವರ ಕೆಲಸ. ಅವರಿಲ್ಲದ ಆರು ವರ್ಷ ಬುಡೇನ್‌ಸಾಬರೇ ಹೇಗೋ ನಿಭಾಯಿಸಿದ್ದರು. ಆಸ್ಪತ್ರೆಯಿಂದ ಬಂದ ಮರುದಿನವೇ ಹಾಲಮ್ಮ ಭಟ್ಟಿಯ ಬಾಗಿಲಲ್ಲಿ ನಿಂತಾಗ ಅವರು ಎದ್ದು ಬಂದು, "ಬಾರವ್ವಾ, ನಿನ್ನ ನಾಲಿಗೆ ಬಂತು ಅಂದ್ರೆ ನಂಗೆ ಅರ್ಧ ಜೀವ ಬಂತು" ಎಂದಿದ್ದರು.

ಆ ದಿನ ಹಾಲಮ್ಮ ಮೊದಲನೆಯ ರಾಶಿಯ ಕಾಳು ಅಗಿದು "ಹದ" ಎಂದರು. ಎರಡನೆಯದಕ್ಕೆ ಹೋಗಲು ತಿರುಗಿದವರು ಮತ್ತೆ ಮೊದಲನೆಯದಕ್ಕೇ ಬಗ್ಗಿದರು. ಮೂರನೆಯ ಸಲವೂ ಅದಕ್ಕೇ ಕೈ ಹಾಕಿದಾಗ ಬುಡೇನ್‌ಸಾಬರು, "ಅದೊಂದ್ರಾಗೆ ಏನು ಬಂಗಾರ ಹುಡುಕ್ತೀಯಾ?" ಎಂದು ತಮಾಷೆ ಮಾಡಿದರು. ಹಾಲಮ್ಮ ನಗಲಿಲ್ಲ. ಅವರಿಗೆ ಮಾತು ಅರ್ಥವಾದಂತೆ ಕಾಣಲಿಲ್ಲ. ಬುಡೇನ್‌ಸಾಬರು ಆಟೊ ಕರೆದು ಮನೆಗೆ ಕಳಿಸಿದರು.

*

ಸಂಜೆ ನಾಲ್ಕೂವರೆಗೆ ನರ್ಸ್ ಫರ್ಜಾನಾ ನಿಯಂತ್ರಣ ಕೊಠಡಿಗೆ ಒಂದು ಪೊಟ್ಟಣ ತಂದಳು. ಕಾರ ಮಂಡಕ್ಕಿ, ಜೊತೆಗೆ ಕರಿದ ಮೆಣಸಿನಕಾಯಿ. ಸಿಂಚನಾ ಒಂದು ಹಿಡಿ ಬಾಯಿಗೆ ಹಾಕಿಕೊಂಡಳು.

"ಏನೋ ಕಮ್ಮಿ ಅನ್ನಿಸುತ್ತಲ್ಲ?"

"ಉಪ್ಪು ಕಣ್ರೀ ಮೇಡಂ. ಮೂರು ವಾರದಿಂದ ಹಿಂಗೇ. ಅಂಗಡಿ ಅಜ್ಜ ದಿನಾ ಬೈಕಂಡು ಮೇಲಿಂದ ಉಪ್ಪು ಉದುರಿಸ್ತಾನೆ."

"ಅಂಗಡಿ ಬದಲಾಯಿಸಿ."

"ಅಂಗಡಿದಲ್ಲ, ಭಟ್ಟೀದೇ ತಪ್ಪು. ಬುಡೇನ್‌ಸಾಬ್ ಭಟ್ಟಿ ಅಂದ್ರೆ ಈ ಏರಿಯಾದಾಗೆ ಹೆಸರು. ಈಗ ಯಾರು ಉಪ್ಪು ನೋಡ್ತಾರೋ ಏನೋ."

ಸಿಂಚನಾಳ ಕೈ ಪೊಟ್ಟಣದ ಮೇಲೇ ನಿಂತಿತು. ಈಗ ಯಾರು ಉಪ್ಪು ನೋಡುತ್ತಾರೆಂದು ಅವಳಿಗೆ ಗೊತ್ತಿತ್ತು. ಎಷ್ಟು ದಿನಗಳಿಂದ ನೋಡುತ್ತಿದ್ದಾರೆಂದೂ ಗೊತ್ತಿತ್ತು.

ಅವಳು ಹಾಲಮ್ಮನ ಪುಟ ತೆರೆದಳು. ಮೂತ್ರದಲ್ಲಿ ಹೋಗುತ್ತಿದ್ದ ಉಪ್ಪು ದಿನವೂ ನಿಗದಿಯಷ್ಟೇ ಇತ್ತು, ಸೂಜಿಮೊನೆಯಷ್ಟೂ ಆಚೀಚೆ ಇಲ್ಲ. ಇಷ್ಟು ದಿನ ಆ ನೇರ ಗೆರೆಯನ್ನು ಕಂಡು ಸಮಾಧಾನಪಟ್ಟಿದ್ದಳು. ಈಗ ಅದೇ ಗೆರೆ ಹೆದರಿಸಿತು. ನಿಜವಾದ ಮೂತ್ರಪಿಂಡವುಳ್ಳವರ ಮೂತ್ರ ಅವರ ಊಟದ ಕತೆ ಹೇಳುತ್ತದೆ. ಇಲ್ಲಿ ಹಾಗಲ್ಲ. ತಾನು ಬೆಳಿಗ್ಗೆ ಕೊಟ್ಟ ಆಜ್ಞೆಯೇ ಸಂಜೆ ಅಂಕಿಯಾಗಿ ತನಗೆ ವಾಪಸು ಬರುತ್ತಿತ್ತು.

"ಫರ್ಜಾನಾ, ಹಾಲಮ್ಮ ಆರು ವಾರ ಇಲ್ಲೇ ವಾರ್ಡಿನಲ್ಲಿದ್ದರಲ್ಲ, ಊಟ ಹೇಗೆ ಮಾಡ್ತಿದ್ರು?"

"ಸಾರು ಅರ್ಧ ಬಿಡೋರು. ಉಪ್ಪು ಸುರಿದೀರಿ ಅಂತ ಅಡುಗೆಯವರಿಗೆ ಬೈಯ್ಯೋರು. ಅಡುಗೆಯವರು, ನಿಮಗೆ ಉಪ್ಪಿಲ್ಲದ ಊಟಾನೇ ರೂಢಿ ಆಗೈತೆ ಅಂತ ನಗಾಡೋರು."

ಅಲ್ಲಿ ಉಳಿದ ಸಾರನ್ನೂ ತೂಗಿ ಲೆಕ್ಕ ಹಾಕುತ್ತಿದ್ದುದರಿಂದ ಸಂಖ್ಯೆಗಳು ಸರಿಯಾಗಿದ್ದವು. ಯಾಕೆ ಬಿಟ್ಟರೆಂದು ಯಾರೂ ಬರೆದಿಡಲಿಲ್ಲ. ಸಾರು ಬಿಟ್ಟದ್ದಕ್ಕೆ ಕಾರಣ ಡಯಾಲಿಸಿಸ್‌ನ ಆರು ವರ್ಷದ ಪಥ್ಯ. ಉಪ್ಪು ಕಡಿಮೆ ಮಾಡಿದವರ ನಾಲಿಗೆ ಕೆಲವೇ ತಿಂಗಳಲ್ಲಿ ಕಡಿಮೆಗೇ ಹೊಂದಿಕೊಳ್ಳುತ್ತದೆ. ಆಮೇಲೆ ಊರಿಗೆ ಸಪ್ಪೆಯಾದದ್ದು ಅದಕ್ಕೆ ಹದ. ಹಾಲಮ್ಮ ಒಂದು ದಿನವೂ ಸುಳ್ಳು ಹೇಳಿರಲಿಲ್ಲ. ಅವರು ಹದ ಎಂದದ್ದು ತಮ್ಮ ಹದವನ್ನು, ಸಿಂಚನಾ ಕೇಳಿಸಿಕೊಂಡದ್ದು ಐದು ಗ್ರಾಮನ್ನು.

ಪಟ್ಟಿಯಲ್ಲಿ ಮುಂದಿನ ರಕ್ತಪರೀಕ್ಷೆ ಏಪ್ರಿಲ್ 16ಕ್ಕೆ ಎಂದಿತ್ತು. ಕಾರಣ ಬರೆಯದೆ ಅದನ್ನು ಇಂದಿಗೆ ಎಳೆಯುವಂತಿರಲಿಲ್ಲ. ಕಾರಣ ಬರೆದರೆ ಒಪ್ಪಂದದ ಕೊನೆಯ ಪುಟ ಎದ್ದು ನಿಲ್ಲುತ್ತಿತ್ತು. ಸಿಂಚನಾ "ರೋಗಿಯ ಉತ್ತರ ಉಪ್ಪಿನ ಅಳತೆಗೆ ಹೊಂದುತ್ತಿಲ್ಲ" ಎಂದು ಬರೆದು, ಫೋನ್ ಎತ್ತಿದಳು.

ಕರಿಬಸಪ್ಪ ಮಾತಾಡಿದ. "ಮಲ್ಕಂಡಾಳೆ ಮೇಡಂನೋರೆ. ಬೆಳಿಗ್ಗೆಯಿಂದ ಒಂಥರಾ ಆಗ್ಯಾಳೆ. ನೀರು ಕೊಟ್ರೆ, ಇಡೋ ಅಣ್ಣಾ ಅಂದ್ಲು. ಮದುವೆ ಆಗಿ ಮೂವತ್ತೊಂದು ವರ್ಷ ಆತು. ಎಲ್ಲಾ ಬೈಗುಳ ಬೈದಾಳೆ, ಅಣ್ಣಾ ಅಂತ ಇವತ್ತೇ ಅಂದಿದ್ದು."

"ಆಂಬುಲೆನ್ಸ್ ಕಳಿಸ್ತಿದೀನಿ. ನೀರು ಕುಡಿಸಬೇಡಿ."

ಐದು ಗಂಟೆ ನಲವತ್ತು ನಿಮಿಷಕ್ಕೆ ರಕ್ತದ ಸೋಡಿಯಂ ತಿಳಿಯಿತು. ಲೀಟರಿಗೆ 119 ಮಿಲಿಮೋಲ್. ಮನೆಗೆ ಹೊರಟ ದಿನ 136 ಇತ್ತು.

*

ತಿಂದದ್ದಕ್ಕಿಂತ ದಿನಕ್ಕೆ ಒಂದೂಕಾಲು ಗ್ರಾಂ ಉಪ್ಪು ಹೆಚ್ಚಾಗಿ ಹೊರಹೋಗಿತ್ತು. ಇಪ್ಪತ್ತೊಂದು ದಿನಕ್ಕೆ ಇಪ್ಪತ್ತಾರು ಗ್ರಾಂ, ಸುಮಾರು ನಾಲ್ಕೈದು ಚಮಚ. ರಕ್ತ ತೆಳುವಾದಂತೆ ನೀರು ಮಿದುಳಿನ ಜೀವಕೋಶಗಳೊಳಗೆ ನುಗ್ಗಿ ಅವು ಉಬ್ಬಿದ್ದವು.

"ನಾಲ್ಕೈದು ಚಮಚ ತಾನೆ?" ಎಂದ ಕರಿಬಸಪ್ಪ, ತೀವ್ರ ನಿಗಾ ಘಟಕದ ಹೊರಗೆ. "ನೀರಿಗೆ ಕಲಸಿ ಈಗ್ಲೇ ಕುಡಿಸ್ತೀನಿ. ಇಲ್ಲಾ ನಿಮ್ಮ ಡಬ್ಬಿಗೆ ಹೇಳ್ರಿ, ಒಂದು ಕಾಳೂ ಹೊರಗೆ ಬಿಡಬ್ಯಾಡ ಅಂತ."

"ಒಮ್ಮೆಲೇ ಏರಿಸೋ ಹಾಗಿಲ್ಲ ಅಣ್ಣ. ಇಷ್ಟು ದಿನ ಕಡಿಮೆ ಉಪ್ಪಿಗೆ ಮಿದುಳು ಹೇಗೋ ಹೊಂದ್ಕೊಂಡಿದೆ. ಥಟ್ಟನೆ ಏರಿಸಿದ್ರೆ ನರಗಳ ಮೇಲಿನ ಪೊರೆ ಕಿತ್ತುಹೋಗುತ್ತೆ. ಮಾತು, ಕೈಕಾಲು ನಿಂತುಹೋಗಬಹುದು. ದಿನಕ್ಕೆ ಎಂಟು ಅಂಕಿಗಿಂತ ಹೆಚ್ಚು ಏರಬಾರದು."

"ಇಳಿಸಾಕೆ ಇಪ್ಪತ್ತೊಂದು ದಿನ ತಗಂಡ್ರಿ. ಏರ್ಸಾಕೂ ಪುರುಸೊತ್ತಾಗೇ ಏರಿಸ್ರಿ ಹಂಗಾದ್ರೆ" ಎಂದ. ಅದು ಕೊಂಕೋ ಅನುಮತಿಯೋ ಸಿಂಚನಾಳಿಗೆ ತಿಳಿಯಲಿಲ್ಲ. ಎರಡಕ್ಕೂ ತಾನು ತಕ್ಕವಳೆಂದುಕೊಂಡಳು.

ಮರುದಿನ ಸಂಜೆಗೆ 126. ಅದರ ಮರುದಿನ 132. ಶುಕ್ರವಾರ ಬೆಳಿಗ್ಗೆ ಹಾಲಮ್ಮ ಕಣ್ಣು ಬಿಟ್ಟು ಗಂಡನ ಹೆಸರು ಹಿಡಿಯದೆ ಎಂದಿನಂತೆ, "ಏಯ್, ಉಣ್ಣಾಕೆ ಏನಾರ ತಂದಿಯಾ?" ಎಂದರು. ಕರಿಬಸಪ್ಪ ಗೋಡೆಗೆ ಮುಖ ಮಾಡಿ ನಿಂತು ಅತ್ತ.

ವಿಷಯ ತಿಳಿದ ಮೇಲೆ ಹಾಲಮ್ಮನಿಗೆ ಸಾವಿನ ಹತ್ತಿರ ಹೋಗಿ ಬಂದದ್ದಕ್ಕಿಂತ ಬೇರೆಯದೇ ನೋವಾಯಿತು.

"ನನ್ನ ನಾಲಿಗೆ ಸುಳ್ಳು ಹೇಳ್ತಂತಾ?"

"ಇಲ್ಲಮ್ಮ" ಎಂದಳು ಸಿಂಚನಾ. "ನಾವು ತಪ್ಪಾಗಿ ಕೇಳಿಸ್ಕೊಂಡ್ವಿ."

ನೋಡಲು ಬಂದಿದ್ದ ಬುಡೇನ್‌ಸಾಬರು ಬಾಗಿಲಲ್ಲೇ ನಿಂತು, "ನಂದೂ ತಪ್ಪೈತೆ ತಂಗೀ. ಗಿರಾಕಿಗಳು ಸಪ್ಪೆ ಸಪ್ಪೆ ಅಂತ ಬಡ್ಕಂಡ್ರೂ ನಿನಗೆ ಹೇಳಾಕೆ ಬಾಯಿ ಬರಲಿಲ್ಲ" ಎಂದರು. ಹಾಲಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡರು.

*

ಯೋಜನೆಯ ಮುಖ್ಯಸ್ಥ ಡಾ. ಮುರುಗೇಂದ್ರ ಕಠಿಣ ಮನುಷ್ಯರಲ್ಲ. ಆದರೆ ಹಿಂದೊಮ್ಮೆ ರೋಗಿಯೊಬ್ಬರನ್ನು ಕಳೆದುಕೊಂಡಿದ್ದ ಅವರು ನಿಯಮದ ಪುಟವನ್ನು ಮೇಜಿನ ಮೇಲೆ ಹರವಿ ಕೂತಿದ್ದರು.

"ಉದ್ದೇಶ ಒಳ್ಳೇದಿತ್ತು ಅಂತ ಸೋಡಿಯಂ ಏರಲ್ಲ, ಸಿಂಚನಾ. ಅವರ ಮಾತಿನ ಮೇಲೆ ನಾಳೆ ಬಾಗಿಲು ಎಷ್ಟು ತೆರೀತೀರಿ? ಆ ಮಾತು ತಪ್ಪು ಅಂತ ನೀವೇ ಬರೆದುಕೊಟ್ಟಿದೀರಿ. ಡಯಾಲಿಸಿಸ್‌ನಲ್ಲಿ ಜೀವಂತವಾದರೂ ಇರ್ತಾರೆ."

"ತಪ್ಪು ತೋರಿಸೋ ತಕ್ಕಡಿ ಎರಡು ಥರ ಇರುತ್ತೆ ಸರ್. ಒಂದು, ದಿನಾ ಅಷ್ಟೇ ತಪ್ಪು ತೋರಿಸೋದು. ಅದನ್ನ ಸರಿ ಮಾಡ್ಕೊಂಡು ಬಳಸಬಹುದು. ಇನ್ನೊಂದು, ದಿನಕ್ಕೊಂದು ಥರ ತೋರಿಸೋದು. ಅದನ್ನೇ ಎಸೆಯಬೇಕು. ಇವರದು ಯಾವುದು ಅಂತ ನಾವು ಅಳೆದೇ ಇಲ್ಲ."

ಅಳೆಯುವ ಪರೀಕ್ಷೆಯನ್ನು ತಾವೇ ನಡೆಸುವುದಾಗಿ ಡಾಕ್ಟರು ಹೇಳಿದರು. ಬೇರೆಬೇರೆ ಪ್ರಮಾಣದ ಉಪ್ಪಿರುವ ಲೋಟಗಳಿಂದ ಹಾಲಮ್ಮ ಹದವಾದದ್ದನ್ನು ಆರಿಸಬೇಕು, ಮೂರು ಸುತ್ತು. ಮೂರರಲ್ಲೂ ಒಂದೇ ಲೋಟ ಬಂದರೆ ಡಬ್ಬಿ ಉಳಿಯುತ್ತದೆ. ಅಳೆದ ಮೇಲೆ ಹಾಲಮ್ಮನ ಹದ ಎಷ್ಟು ಗ್ರಾಂ ಎಂದು ಹೊಸದಾಗಿ ಬರೆದುಕೊಂಡು, ತಿಂಗಳಿಗೊಮ್ಮೆ ನಾಲಿಗೆಯನ್ನು ಮತ್ತೆ ಅಳೆಯುವುದು. ಒಂದೇ ಲೋಟ ಬರದಿದ್ದರೆ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡುವುದು.

ಏಪ್ರಿಲ್ 16, ಬೆಳಿಗ್ಗೆ ಹನ್ನೊಂದು. ಮೇಜಿನ ಮೇಲೆ ಒಂಬತ್ತು ಸ್ಟೀಲ್ ಲೋಟಗಳು. ಒಂಬತ್ತರಲ್ಲೂ ಅಕ್ಕಿಗಂಜಿಯ ತಿಳಿ. ಉಪ್ಪು ನೂರು ಮಿಲಿಲೀಟರಿಗೆ 0.3 ಗ್ರಾಮಿನಿಂದ 1.1 ಗ್ರಾಂವರೆಗೆ, ಒಂದಕ್ಕಿಂತ ಒಂದರಲ್ಲಿ 0.1 ಹೆಚ್ಚು. ಸಾಲು ತಪ್ಪಿಸಿ ಇಟ್ಟದ್ದು, ಗುರುತು ಲೋಟದ ತಳದಲ್ಲಿ. ಡಾಕ್ಟರ ಮನೆಯೂ ಸೇರಿ ಹತ್ತು ಮನೆಗಳ ಸಾರನ್ನು ಅಳೆದು, ಊರಿನ ಹದ, ಅಂದರೆ ದಿನಕ್ಕೆ ಐದು ಗ್ರಾಂ ಆಗುವ ಹದ, 0.8 ಎಂದು ಸಿಂಚನಾ ಮೊದಲೇ ಬರೆದಿಟ್ಟಿದ್ದಳು.

ಹಾಲಮ್ಮ ಲೋಟಗಳನ್ನು ನೋಡಿದರು, ಮುಟ್ಟಲಿಲ್ಲ. ಊರು ತಮಗಿಂತ ಹೆಚ್ಚು ಉಪ್ಪು ತಿನ್ನುತ್ತದೆಂದು ಈಗ ಅವರಿಗೆ ತಿಳಿದಿತ್ತು. ತಮ್ಮ ನಾಲಿಗೆಗೆ ತುಸು ಜಾಸ್ತಿ ಎನ್ನಿಸುವ ಲೋಟವನ್ನೇ ಎತ್ತಿಟ್ಟರೆ ಇಪ್ಪತ್ತೆಂಟು ವರ್ಷದ ಹೆಸರು ಉಳಿಯಬಹುದೆಂಬ ಲೆಕ್ಕ ಅವರ ಮುಖದಲ್ಲಿ ಓಡುತ್ತಿದ್ದುದು ಸಿಂಚನಾಳಿಗೆ ಕಾಣುತ್ತಿತ್ತು. ಹಾಗೆ ಊಹಿಸಿ ಎತ್ತಿದ ಲೋಟ ಮೂರು ಸಲ ಒಂದೇ ಆಗುವುದು ಕಷ್ಟ. ಒಂದು ವೇಳೆ ಆಗಿಬಿಟ್ಟರೆ ಡಬ್ಬಿ ಮತ್ತೆ ಅದೇ ತಪ್ಪನ್ನು ಮುಂದುವರಿಸುತ್ತದೆ. ಏನೂ ಹೇಳಕೂಡದೆಂದು ಡಾಕ್ಟರು ಅವಳಿಗೆ ತಾಕೀತು ಮಾಡಿದ್ದರು.

"ಸಾಹೇಬ್ರೆ" ಎಂದರು ಹಾಲಮ್ಮ. "ಊರಿಗೆ ಹದ ಆಗಿದ್ದು ತೆಗೀಬೇಕಾ, ನಂಗೆ ಹದ ಆಗಿದ್ದು ತೆಗೀಬೇಕಾ?"

ಡಾ. ಮುರುಗೇಂದ್ರ ಕನ್ನಡಕ ತೆಗೆದರು. "ನಿಮಗೆ ಹದ ಆಗಿದ್ದು ಹಾಲಮ್ಮೋರೆ. ಡಬ್ಬಿ ಇರೋದು ನಿಮ್ಮ ಹೊಟ್ಟೇಲಿ."

"ಊರು ನಗಾಡಿದ್ರೆ?"

"ನಗಾಡ್ಲಿ ಬಿಡ್ರಿ."

ಹಾಲಮ್ಮ ಬಾಯಿ ಮುಕ್ಕಳಿಸಿ ಸೆರಗು ಸಿಕ್ಕಿಸಿಕೊಂಡು ಕೂತರು. ಒಂದೊಂದು ಗುಟುಕು ನಾಲಿಗೆಯ ಮೇಲೆ ಹೊರಳಿಸಿ ಉಗಿದರು. ನಾಲ್ಕನೆಯ ಲೋಟವನ್ನು ಪಕ್ಕಕ್ಕಿಟ್ಟರು. ಹತ್ತು ನಿಮಿಷ ಬಿಟ್ಟು, ಡಾಕ್ಟರು ಪರದೆಯ ಹಿಂದೆ ಲೋಟಗಳ ಜಾಗ ಬದಲಿಸಿ ತಂದರು. ಈ ಸಲ ಸಾಲಿನ ಏಳನೆಯ ಜಾಗದಲ್ಲಿದ್ದದ್ದು ಪಕ್ಕಕ್ಕೆ ಬಂತು. ಮೂರನೆಯ ಸುತ್ತಿನಲ್ಲಿ ಅವರು ಎರಡು ಲೋಟಗಳನ್ನು ಎಳೆದುಕೊಂಡರು. ಒಂದರ ರುಚಿ ನೋಡಿದರು, ಇನ್ನೊಂದರ ರುಚಿ ನೋಡಿದರು, ಮತ್ತೆ ಮೊದಲನೆಯದರದು. ಕರಿಬಸಪ್ಪ ಬಾಗಿಲಾಚೆ ಕೆಮ್ಮಿದ.

"ಸುಮ್ಕಿರು" ಎಂದು ಗದರಿದರು ಹಾಲಮ್ಮ, ಕಣ್ಣು ಮುಚ್ಚಿಯೇ. ಒಂದನ್ನು ಹಿಂದಕ್ಕೆ ತಳ್ಳಿ, ಇನ್ನೊಂದನ್ನು ಡಾಕ್ಟರ ಮುಂದಿಟ್ಟರು.

"ಇದೇ."

ಡಾಕ್ಟರು ಮೊದಲೆರಡು ಸುತ್ತುಗಳ ಗುರುತು ಬರೆದಿಟ್ಟ ಚೀಟಿಯನ್ನು ತೆರೆದು, ಮೂರನೆಯ ಲೋಟವನ್ನು ಮೇಲೆತ್ತಿ ತಳ ನೋಡಿದರು. ಚೀಟಿಯನ್ನೂ ಲೋಟವನ್ನೂ ಸಿಂಚನಾಳ ಕಡೆ ಸರಿಸಿದರು. ಮೂರೂ ಒಂದೇ. ನೂರು ಮಿಲಿಲೀಟರಿಗೆ 0.6 ಗ್ರಾಂ.